ಪಾತ್ರದೋಷ ವಿಚಾರ

ಸಂಸ್ಕೃತದಿಂದ ನಮ್ಮ ನುಡಿಗೆ ಬಂದ 'ಪಾತ್ರ'ವೆಂಬ ಶಬ್ದಕ್ಕೆ ಮುಖ್ಯವಾಗಿ ಮೂರು ಅರ್ಥಗಳುಂಟು. ಹಾಲು ನೀರು ಮೊದಲಾದುವನ್ನು ತುಂಬುವ ಭಾಂಡವು ಒಂದು. ಕನ್ನಡದಲ್ಲಿ ಇದನ್ನೇ ನಾವು ಪಾತ್ರೆಯೆನ್ನುವೆವು. ನಟನು ರಂಗದಲ್ಲಿ ಧರಿಸುವ ವೇಷವು ಎರಡನೆಯದು. ದಾನಕ್ಕೂ ಮನ್ನಣೆಗೂ ಯೋಗ್ಯನಾದವನು ಮೂರನೆಯದು. ಸತ್ಪಾತ್ರ, ಅಪಾತ್ರ ಎಂಬ ಮಾತುಗಳಲ್ಲಿ ಈ ಅರ್ಥವು ತೋರುತ್ತದೆ. ಬೇರೆ ಬೇರೆಯಾಗಿರುವಾಗ ಈ ಮೂರು ಅರ್ಥಗಳೂ ನಿರುಪದ್ರವಿಗಳು. ಆದರೆ ವೇಷವನ್ನು ಅತಿ ಚೆನ್ನಾಗಿ ಧರಿಸಿದ ವ್ಯಕ್ತಿಯು ಮನ್ನಣೆಗೆ ಅಪಾತ್ರನೆಂದು ತಿಳಿದುಬಂದಾಗ ಮೂರೂ ಒಂದರೊಡನೊಂದು ತೊಡಕಿಕೊಂಡು ನಮ್ಮನ್ನು ಕಾಡುತ್ತವೆ. ಅಂತಹ ತೊಡಕೊಂದನ್ನು ಬಿಡಿಸಿ ನೋಡುವ ಪ್ರಯತ್ನವೇ ಈ ಲೇಖನವು.

ಇದಕ್ಕೆ ಕಾರಣವಾದ ಸಂಗತಿಯನ್ನು ಮೊದಲು ನಿವೇದಿಸುವೆನು. ಕಳೆದ ಮಾಘಮಾಸದಲ್ಲಿ ನನ್ನ ಮಗಳು ರಜೆಗೆಂದು ಊರಿಗೆ ಬಂದವಳು, ಫ್ರಾನ್ಸ್ ದೇಶದ ಹಳೆಯ ಚಲಚ್ಚಿತ್ರವೊಂದನ್ನು ಮನೆಯಲ್ಲಿಯೇ ನನಗೆ ತೋರಿಸಿದಳು. ಮೂರು ಗಂಟೆಗೂ ಮಿಕ್ಕ ಚಿತ್ರವಾದುದರಿಂದ ಎರಡು ಸಂಜೆ ಕುಳಿತು ನೋಡಿದೆವು. ನನಗೆ ಫ್ರೆಂಚ್ ಭಾಷೆಯು ಬಾರದು. ತೆರೆಯ ಕೆಳಗೆ ಮೂಡುವ ಇಂಗ್ಲಿಷ್ ಅಕ್ಷರಗಳೇ ನನಗೆ ಆಧಾರ. ಆದರೂ ನಾಯಿಕೆಯ ಪಾತ್ರವಹಿಸಿದ ನಟಿಯ ನಿಲುವು, ನಗೆ, ಮಾತಿನ ನಿರಾಡಂಬರತೆ ಇವುಗಳನ್ನು ಕಂಡು ನಾನು ಮನಸಾರೆ ಹೊಗಳಿದೆನು. ಆಗ ಮಗಳು ಆಕೆಯ ಜೀವನದಲ್ಲಿ ನಡೆದುದನ್ನು ತಿಳಿಸಿ, "ಅಪ್ಪಾ, ಇದನ್ನೆಲ್ಲ ಕೇಳಿದ ಮೇಲೂ ನಿಮಗೆ ಚಿತ್ರ ಅಷ್ಟೇ ಚೆನ್ನಾಗಿ ತೋರುತ್ತದೆಯೇ?" ಎಂದು ಕೇಳಿದಳು. ಮೂವತ್ತೈದು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿ ಬದುಕಿದ ನನಗೆ ಅಂದು ಉತ್ತರವು ಹೊಳೆಯಲಿಲ್ಲ. ಮುಂದೆ ಕೆಲವು ತಿಂಗಳು ಓದಿ ಯೋಚಿಸಿದುದನ್ನು ವಾಚಕರ ಮುಂದಿಡುತ್ತೇನೆ.

ಆ ನಟಿಯ ಹೆಸರು ಅರ್ಲೆಟಿ. ಅದು ರಂಗಕ್ಕಾಗಿ ಇಟ್ಟುಕೊಂಡ ಹೆಸರು; ತಂದೆತಾಯಿಗಳಿಟ್ಟುದು ಲಿಯೋನಿ ಬಾತಿಯಾ ಎಂದು. 1898ನೆಯ ಇಸವಿ ಮೇ 15ರಂದು ಪ್ಯಾರಿಸ್ ನಗರಕ್ಕೆ ಹೊಂದಿಕೊಂಡಿರುವ ಕೂರ್ಬ್‌ವ್ವಾ ಎಂಬಲ್ಲಿ ಬಡಕುಟುಂಬದಲ್ಲಿ ಹುಟ್ಟಿದಳು; ತಾಯಿಯು ಬಟ್ಟೆಯೊಗೆದು ಜೀವಿಸುವವಳು. 1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾದೊಡನೆಯೇ ಆಕೆಯು ಪ್ರೀತಿಸಿದ ತರುಣನು ರಣರಂಗದಲ್ಲಿ ಮಡಿದನು. ಯುದ್ಧವಿಧವೆಯೂ ಆಗಲೊಲ್ಲೆ, ಯುದ್ಧಕ್ಕೆ ಮಗನನ್ನು ಕೊಡುವ ತಾಯಿಯೂ ಆಗಲೊಲ್ಲೆ ಎಂದು ಅಂದೇ ನಿಶ್ಚಯಿಸಿ, ಕಡೆಯವರೆಗೂ ಮದುವೆಯನ್ನೇ ಆಗಲಿಲ್ಲ. ಯುದ್ಧಸಾಮಗ್ರಿಯ ಕಾರ್ಖಾನೆಯಲ್ಲಿ ಕೆಲಕಾಲ ಕೂಲಿಮಾಡಿ, ಆಮೇಲೆ ಹಾಡು ಕುಣಿತಗಳ ಲಘುನಾಟಕಶಾಲೆಗಳನ್ನು ಸೇರಿ, 1930ರಲ್ಲಿ ಚಲಚ್ಚಿತ್ರಕ್ಕೆ ಬಂದಳು. ಆಗ ಆಕೆಗೆ ಮೂವತ್ತು ದಾಟಿದ್ದಿತು.

ಪ್ರಸಿದ್ಧಿಯು ಬಂದುದು ಇನ್ನೂ ತಡವಾಗಿ. ಮಾರ್ಸೆಲ್ ಕಾರ್ನೇ ಎಂಬ ನಿರ್ದೇಶಕನು 1938ರಲ್ಲಿ ತೆಗೆದ 'ಓತೆಲ್ ದ್ಯು ನೋರ್' ಎಂಬ ಚಿತ್ರದಲ್ಲಿ ಆಕೆಯು ವೇಶ್ಯೆಯೊಬ್ಬಳ ಪಾತ್ರವನ್ನು ವಹಿಸಿದಳು. ಪ್ಯಾರಿಸಿನ ಕಾಲುವೆಯ ಸೇತುವೆಯ ಮೇಲೆ ನಿಂತು ಒರಟು ದನಿಯಲ್ಲಿ ಆಕೆಯಾಡುವ ಜಗಳದ ಮಾತುಗಳು ಆ ದೇಶದಲ್ಲಿ ಇಂದಿಗೂ ಗಾದೆಯಂತೆ ಬಳಕೆಯಲ್ಲಿವೆ. ಮರುವರ್ಷ ಅದೇ ನಿರ್ದೇಶಕನ 'ಲ ಜೂರ್ ಸ ಲೆವ್' ಬಂದಿತು. 1942ರಲ್ಲಿ 'ಲೇ ವಿಜಿತ್ಯೋರ್ ದ್ಯು ಸ್ವಾರ್', ಅದರಲ್ಲಿ ಆಕೆಯದು ಸೈತಾನನು ಭೂಮಿಗೆ ಕಳುಹಿದ ದೂತಿಯ ಪಾತ್ರ. ಈ ಮೂರರಲ್ಲಿಯೂ ನಟಿಯು ಸುಶೀಲೆಯಾದ ಕುಲವಧುವಾಗಿ ಕಾಣಿಸಿಕೊಳ್ಳುವುದೇ ಇಲ್ಲ. ಲೋಕವನ್ನು ಕಂಡು, ಅದರಿಂದ ಪೆಟ್ಟುತಿಂದು, ಆದರೂ ಯಾರ ಮುಂದೆಯೂ ಗೋಗರೆಯದ ಹೆಂಗಸಾಗಿಯೇ ಕಾಣುವಳು.

ನಾವು ನೋಡಿದ ಚಿತ್ರವು ಇವೆಲ್ಲಕ್ಕೂ ಶಿಖರಪ್ರಾಯವಾದುದು; 'ಲೇಜಾಂಫಾಂ ದ್ಯು ಪಾರಾದಿ', ಎಂದರೆ 'ಸ್ವರ್ಗದ ಮಕ್ಕಳು'. ಇಲ್ಲಿ ಸ್ವರ್ಗವೆಂದರೆ ದೇವತೆಗಳ ಲೋಕವಲ್ಲ. ಆ ದೇಶದ ನಾಟಕಶಾಲೆಗಳಲ್ಲಿ ಛಾವಣಿಗೆ ತಗಲುವಂತಿರುವ ಅತ್ಯಂತ ಮೇಲಿನ ಅಂತಸ್ತಿನ ಅಗ್ಗದ ಜಾಗಕ್ಕೆ ಬಡವರಿಟ್ಟ ಹೆಸರು ಅದು. ನಮ್ಮಲ್ಲಿ ಗಾಂಧಿ ಕ್ಲಾಸು ತೆರೆಯ ಮುಂದೆ ನೆಲದ ಮೇಲಿದ್ದರೆ, ಅವರದು ಆಕಾಶದಲ್ಲಿರುವುದು, ಅಷ್ಟೇ ಭೇದ. ಕತೆಯು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದ್ದು. ಮಾತಿಲ್ಲದೆ ಅಂಗಾಭಿನಯದಿಂದಲೇ ಆಡುವ ಬಾಪ್ತಿಸ್ತ್ ದೆಬ್ಯುರೋ, ವಾಗ್ಮಿಯಾದ ನಟ ಫ್ರೆದೆರಿಕ್ ಲಮೆತ್ರ್, ಕಳ್ಳನೂ ಕೊಲೆಗಾರನೂ ಆದ ಲಾಸ್ನೇರ್, ಈ ಮೂವರೂ ಇತಿಹಾಸದಲ್ಲಿ ನಿಜವಾಗಿ ಇದ್ದವರು. ಇವರೊಡನೆ ಕಲ್ಪಿತನಾದ ಒಬ್ಬ ಸಿರಿವಂತ ಪ್ರಭು. ಈ ನಾಲ್ವರೂ ಗರಾಂಸ್ ಎಂಬ ಒಬ್ಬಳೇ ಹೆಂಗಸನ್ನು ಬಯಸುವರು. ಆ ಗರಾಂಸಳೇ ಅರ್ಲೆಟಿ. ಚಿತ್ರೀಕರಣದ ಕಾಲಕ್ಕೆ ಆಕೆಗೆ ನಾಲ್ವತ್ತೈದು ವರ್ಷ.

ಚಿತ್ರವು ಹುಟ್ಟಿದ ಕಾಲವನ್ನೂ ನೆನೆಯಬೇಕು. 1940ರ ಜೂನಿನಲ್ಲಿ ಪ್ಯಾರಿಸ್ ನಗರವು ಜರ್ಮನ್ ಸೈನ್ಯದ ವಶವಾಗಿದ್ದಿತು. 1943ರ ಆಗಸ್ಟಿನಲ್ಲಿ ನೀಸ್ ಪಟ್ಟಣದಲ್ಲಿ ಕೆಲಸವು ಮೊದಲಾಯಿತು. ಯುದ್ಧದ ಅಡಚಣೆಯಿಂದ ನಿಂತು, ಮತ್ತೆ ನಡೆದು, ಪ್ಯಾರಿಸಿಗೆ ವರ್ಗವಾಗಿ, ತುಂಡುತುಂಡಾಗಿ ಮುಗಿಯಿತು. ದೃಶ್ಯಗಳನ್ನು ರೂಪಿಸಿದ ಅಲೆಕ್ಸಾಂದ್ರ್ ತ್ರೌನೆರ್, ಸಂಗೀತವನ್ನು ಕಟ್ಟಿದವರಲ್ಲೊಬ್ಬನಾದ ಜೋಸೆಫ್ ಕೋಸ್ಮಾ, ಇವರಿಬ್ಬರೂ ಹಂಗೇರಿಯಲ್ಲಿ ಹುಟ್ಟಿದ ಯೆಹೂದ್ಯರು. ಸಿಕ್ಕಿಬಿದ್ದರೆ ಸಾವೇ ಗತಿಯಾದುದರಿಂದ ಅಡಗಿಕೊಂಡು ಕೆಲಸಮಾಡಿದರು. ಅದೇ ಚಿತ್ರದಲ್ಲಿ ಪಾತ್ರವೊಂದಕ್ಕೆ ಗೊತ್ತಾಗಿದ್ದ ರೋಬೇರ್ ಲ ವಿಗಾನ್ ಎಂಬ ನಟನು ನಾಟ್ಸಿಗಳ ಪಕ್ಷಪಾತಿ. ಶತ್ರುಸೈನ್ಯವು ಹಿಂದೆಗೆದಾಗ ಜರ್ಮನಿಗೆ ಓಡಿಹೋದನು. ಅವನ ಪಾತ್ರವನ್ನು ಪಿಯೇರ್ ರನ್ವಾರನಿಂದ ಆಡಿಸಬೇಕಾಯಿತು. ಹೀಗೆ ಬೇಟೆಗಾರರ ಕಡೆಯವನೂ ಬೇಟೆಗೆ ಗುರಿಯಾದವರೂ ಒಂದೇ ಚಿತ್ರಕ್ಕೆ ಕೈಹಾಕಿದ್ದರು.

ಇನ್ನು ಆರೋಪದ ವಿಷಯ. ನಗರವು ಪರಾಧೀನವಾಗಿದ್ದ ಕಾಲದಲ್ಲಿ, 1941ರಿಂದ, ಅರ್ಲೆಟಿಯು ಹಾನ್ಸ್ ಯ್ಯುರ್ಗೆನ್ ಸೋರಿಂಗ್ ಎಂಬ ಜರ್ಮನ್ ವಾಯುಸೇನೆಯ ಅಧಿಕಾರಿಯನ್ನು ಪ್ರೀತಿಸಿದಳು. ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. 1944ರ ಆಗಸ್ಟಿನಲ್ಲಿ ಪ್ಯಾರಿಸ್ ಬಿಡುಗಡೆಯಾಯಿತು. ಅಕ್ಟೋಬರಿನಲ್ಲಿ ಆಕೆಯನ್ನು ಹಿಡಿದರು. ದ್ರಾಂಸಿ ಶಿಬಿರದಲ್ಲಿಯೂ ಫ್ರೇನ್ ಸೆರೆಮನೆಯಲ್ಲಿಯೂ ಇರಿಸಿ, ಆಮೇಲೆ ನಗರದಿಂದ ದೂರದ ಹಳ್ಳಿಯೊಂದರಲ್ಲಿ ಸುಮಾರು ಒಂದೂವರೆ ವರ್ಷ ನಿರ್ಬಂಧದಲ್ಲಿಟ್ಟರು. 1945ರ ಮಾರ್ಚ್ 9ರಂದು ಪ್ಯಾರಿಸಿನ ಶಾಯೋ ಅರಮನೆಯಲ್ಲಿ 'ಸ್ವರ್ಗದ ಮಕ್ಕಳು' ಮೊದಲ ಸಲ ಪ್ರದರ್ಶಿತವಾದಾಗ ಅದರ ನಾಯಿಕೆಯು ಸಭೆಯಲ್ಲಿರಲಿಲ್ಲ. ಜನರು ವರ್ಷಕ್ಕೂ ಮೇಲೆ ಬಿಡದೆ ಬಂದು ಚಿತ್ರವನ್ನು ನೋಡಿದರು. 1946ರಲ್ಲಿ ಶುದ್ಧೀಕರಣ ಸಮಿತಿಯು ಆಕೆಗೆ ಛೀಮಾರಿಯ ಶಿಕ್ಷೆಯನ್ನು ವಿಧಿಸಿತು. ಮನುವು ದಂಡವನ್ನು ನಾಲ್ಕು ಬಗೆಯಾಗಿ ವಿಂಗಡಿಸಿ ಮೊದಲೆರಡನ್ನು ವಾಗ್ದಂಡ, ಧಿಗ್ದಂಡಗಳೆಂದಿರುವನಷ್ಟೆ. ಇದು ಆ ಜಾತಿಯದು. ಆದರೆ ನಮ್ಮ ಶಾಸ್ತ್ರದಲ್ಲಿ ಮಾತಿನ ಶಿಕ್ಷೆಯು ಮೊದಲು, ಕಠಿನವಾದುದು ಆಮೇಲೆ. ಆಕೆಗೆ ಸೆರೆಯು ಮೊದಲು, ಮಾತು ಆಮೇಲೆ.

ಈಗ ಪ್ರಶ್ನೆಯನ್ನು ಎತ್ತೋಣ. ಪಾತ್ರಧಾರಿಯ ದೋಷವು ರಸಕ್ಕೆ ತಗಲುವುದೇ, ಇಲ್ಲವೇ?

ತಗಲುವುದೆಂಬುದು ಮೊದಲನೆಯ ಪಕ್ಷ. ದೇಶವು ಉಪವಾಸವಿದ್ದಾಗ ಶತ್ರುವಿನೊಡನೆ ಸುಖವಾಗಿದ್ದವಳು ತೆರೆಯ ಮೇಲೆ ಸ್ವಾತಂತ್ರ್ಯಪ್ರಿಯಳಾದ ಹೆಣ್ಣಾಗಿ ನಿಂತರೆ ಅದು ಸುಳ್ಳಲ್ಲವೇ? ಆ ಸುಳ್ಳನ್ನು ಕಂಡು ಕಣ್ಣೀರಿಡುವ ನಾವು ಮೋಸಹೋದವರಲ್ಲವೇ? ಈ ಪಕ್ಷಕ್ಕೆ ಹಿನ್ನೆಲೆಯಾಗಿ ಬಹುಕಾಲದ ಸಂಶಯವೊಂದು ಎಲ್ಲ ದೇಶಗಳಲ್ಲಿಯೂ ಉಂಟು. ನಮ್ಮ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯವು ನಾಟ್ಯವನ್ನು ಐದನೆಯ ವೇದವೆಂದು ಕೊಂಡಾಡಿದರೆ, ಅದೇ ಗ್ರಂಥದ ಕೊನೆಯಲ್ಲಿ ಭರತಪುತ್ರರು ಋಷಿಗಳನ್ನು ಅಣಕಿಸಿ ಶಾಪಗ್ರಸ್ತರಾದ ಕತೆಯಿದೆ. ಫ್ರಾನ್ಸಿನಲ್ಲಿ 1673ರಲ್ಲಿ ತೀರಿಕೊಂಡ ಮೋಲಿಯೇರನಂತಹ ಮಹಾನಾಟಕಕಾರನಿಗೂ, ಅವನು ನಟನಾಗಿದ್ದನೆಂಬ ಕಾರಣಕ್ಕೆ, ಚರ್ಚು ಶವಸಂಸ್ಕಾರವನ್ನು ನಿರಾಕರಿಸಿತು. ದೊರೆಯು ನಡುವೆ ಬಂದ ಮೇಲೆ ರಾತ್ರಿಯ ಹೊತ್ತು ಹೂಳಲು ಒಪ್ಪಿತು. ಹತ್ತು ವೇಷ ಹಾಕುವವನ ನಿಜವಾದ ಮುಖವು ಯಾವುದೆಂಬ ಅಂಜಿಕೆಯೇ ಇದಕ್ಕೆಲ್ಲ ಮೂಲವು.

ತಗಲುವುದಿಲ್ಲವೆಂಬುದು ಎರಡನೆಯ ಪಕ್ಷ. ಇದಕ್ಕೆ ನಮ್ಮ ಆಲಂಕಾರಿಕರಿಂದ ಬಲವಾದ ಬೆಂಬಲವು ದೊರೆಯುತ್ತದೆ. ರಸವು ಎಲ್ಲಿರುವುದೆಂದು ಅವರು ಶತಮಾನಗಳ ಕಾಲ ವಾದಿಸಿದರು. ರಾಮಾದಿಗಳಲ್ಲಿಯೇ ಮುಖ್ಯವಾಗಿದ್ದು, ಅನುಸಂಧಾನದ ಬಲದಿಂದ ನಟನಲ್ಲಿಯೂ ತೋರುವುದೆಂದು ಲೊಲ್ಲಟನು ಹೇಳಿದನು. ಚಿತ್ರದಲ್ಲಿ ಬರೆದ ಕುದುರೆಯನ್ನು ಕುದುರೆಯೆಂದೇ ಗ್ರಹಿಸುವಂತೆ, ನಟನ ಅನುಕರಣದಿಂದ ನೋಡುವವರು ಅದನ್ನು ಊಹಿಸುವರೆಂದು ಶಂಕುಕನು ಹೇಳಿದನು. ಭಟ್ಟನಾಯಕನು ಸಾಧಾರಣೀಕರಣವೆಂಬ ತತ್ತ್ವವನ್ನು ಮುಂದಿಟ್ಟನು; ರಂಗದ ಮೇಲಿನ ದುಃಖವು ಇವನದೂ ಅಲ್ಲ, ಅವನದೂ ಅಲ್ಲ, ಎಲ್ಲರದೂ ಆಗುವುದು. ಕಟ್ಟಕಡೆಗೆ ಅಭಿನವಗುಪ್ತನು, ರಸವು ಸಹೃದಯನ ಅನುಭವದಲ್ಲಿಯೇ ಹೊರತು ನಟನಲ್ಲಿಲ್ಲವೆಂದೂ, ನಟನು ಆಸ್ವಾದಕ್ಕೆ ಸಾಧನ ಮಾತ್ರವಾದುದರಿಂದಲೇ ಅವನನ್ನು 'ಪಾತ್ರ'ವೆನ್ನುವರೆಂದೂ, ಪಾನದ ರುಚಿಯನ್ನು ಬಟ್ಟಲು ಅರಿಯದೆಂದೂ ನಿರ್ಣಯಿಸಿದನು. ಪಾಠಶಾಲೆಯಲ್ಲಿ ಈ ಭಾಗವನ್ನು ಹೇಳುವಾಗ ನಮ್ಮ ಗುರುಗಳು ಎದುರಿಗಿದ್ದ ಪಂಚಪಾತ್ರೆಯನ್ನು ಎತ್ತಿ ಹಿಡಿದು, "ತೀರ್ಥದ ಪುಣ್ಯ ಇದಕ್ಕೆ ಬರುತ್ತದೆಯೇನಯ್ಯಾ?" ಎಂದು ಕೇಳುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಈ ಮತವನ್ನು ಹಿಡಿದರೆ ನನ್ನ ಮಗಳ ಪ್ರಶ್ನೆಗೆ ಉತ್ತರವು ಸುಲಭ: ರಸವು ನನ್ನಲ್ಲಿ ಹುಟ್ಟಿತು, ಅರ್ಲೆಟಿಯು ಬಟ್ಟಲು ಮಾತ್ರ, ಬಟ್ಟಲಿನ ಶೀಲವನ್ನು ವಿಚಾರಿಸುವವರುಂಟೇ?

ಇಷ್ಟು ಸುಲಭವಾದ ಉತ್ತರವು ನನಗೆ ಸಮಾಧಾನವನ್ನು ಕೊಡಲಿಲ್ಲ. ಬಟ್ಟಲಿಗೆ ರುಚಿಯು ತಿಳಿಯದೆಂಬುದು ದಿಟ. ಆದರೆ ಬಟ್ಟಲಿನ ಗುಣವು ರುಚಿಗೆ ಇಳಿಯುವುದೂ ದಿಟವಷ್ಟೆ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹೋದ ಮೇಲೆ ಅದರಲ್ಲಿ ಹುಳಿಯನ್ನು ಕುದಿಸಿದರೆ ಕಿಲುಬೆದ್ದು ಸಾರು ವಿಷವಾಗುವುದನ್ನು ನಮ್ಮ ಮನೆಯ ಹೆಂಗಸರೆಲ್ಲರೂ ಬಲ್ಲರು. ಅದೇ ಪಾತ್ರೆಯ ಹೊರಮೈ ನೆಗ್ಗಿದ್ದರೆ, ಹೊಗೆ ಹಿಡಿದು ಕಪ್ಪಾಗಿದ್ದರೆ, ನೋಟಕ್ಕೆ ಕುಂದೇ ಹೊರತು ಸಾರಿಗೆ ಕೇಡಿಲ್ಲ. ಆದಕಾರಣ ಕೇಳಬೇಕಾದ ಪ್ರಶ್ನೆಯು, ಪಾತ್ರೆಯಲ್ಲಿ ದೋಷವುಂಟೇ ಎಂಬುದಲ್ಲ. ಆ ದೋಷವು ಒಳಗಿನ ಪದಾರ್ಥಕ್ಕೆ ಇಳಿದಿದೆಯೇ ಎಂಬುದು.

ಇಳಿದುದಕ್ಕೆ ಉದಾಹರಣೆಯನ್ನು ಅದೇ ಕಾಲದಿಂದ ಕೊಡಬಹುದು. 1940ರಲ್ಲಿ ಜರ್ಮನಿಯಲ್ಲಿ ಫೈತ್ ಹಾರ್ಲಾನ್ ಎಂಬವನು 'ಯೂದ್ ಸ್ಯೂಸ್' ಎಂಬ ಚಿತ್ರವನ್ನು ನಿರ್ದೇಶಿಸಿದನು. ಯೆಹೂದ್ಯರ ಮೇಲೆ ಜನರ ದ್ವೇಷವನ್ನು ಕೆರಳಿಸುವುದೇ ಅದರ ಉದ್ದೇಶ. ಲಕ್ಷಾಂತರ ಮಂದಿ ಅದನ್ನು ನೋಡಿದರು. ಯುದ್ಧಾನಂತರ ನಿರ್ದೇಶಕನ ಮೇಲೆ ಎರಡು ಸಲ ಮೊಕದ್ದಮೆ ನಡೆದು ಎರಡು ಸಲವೂ ಅವನು ಬಿಡುಗಡೆ ಹೊಂದಿದನು. ನ್ಯಾಯಾಲಯವು ಅವನನ್ನು ಬಿಟ್ಟಿತೆಂಬ ಕಾರಣದಿಂದ ಆ ಚಿತ್ರವು ಶುದ್ಧವಾಗಲಿಲ್ಲ. ಅಲ್ಲಿ ವಿಷವು ಸಾರಿನಲ್ಲಿಯೇ ಇದೆ. ಅದನ್ನು ಮಾಡಿದವರೆಲ್ಲರೂ ಸ್ವಂತ ಜೀವನದಲ್ಲಿ ಪರಮ ಸಾಧುಗಳಾಗಿದ್ದರೂ ಅದು ವಿಷವೇ ಆಗಿರುತ್ತಿದ್ದಿತು.

'ಸ್ವರ್ಗದ ಮಕ್ಕಳು' ಚಿತ್ರವನ್ನು ಈ ಒರೆಗಲ್ಲಿಗೆ ಹಚ್ಚೋಣ. ಚಿತ್ರದ ಆರಂಭದಲ್ಲಿ ಗರಾಂಸಳು ಸಂತೆಯ ಗುಡಾರವೊಂದರಲ್ಲಿ 'ಸತ್ಯ'ದ ವೇಷಹಾಕಿ ಕುಳಿತಿರುವಳು. ನಗ್ನಸತ್ಯವನ್ನು ನೋಡಬನ್ನಿರೆಂದು ಹೊರಗೆ ಕೂಗುವರು. ಹಣಕೊಟ್ಟು ಒಳಹೊಕ್ಕವರಿಗೆ ಕಾಣುವುದು ನೀರಿನ ತೊಟ್ಟಿಯಲ್ಲಿ ಹೆಗಲವರೆಗೂ ಮುಳುಗಿ, ಕನ್ನಡಿಯಲ್ಲಿ ತನ್ನ ಮುಖವನ್ನು ತಾನೇ ನೋಡಿಕೊಳ್ಳುವ ಹೆಂಗಸು ಮಾತ್ರ. ಸ್ವಲ್ಪ ಹೊತ್ತಿನಲ್ಲಿಯೇ ಬೀದಿಯ ಗುಂಪಿನಲ್ಲಿ ಪಕ್ಕದಲ್ಲಿದ್ದವನ ಗಡಿಯಾರವನ್ನು ಲಾಸ್ನೇರನು ಕದಿಯುವನು; ಅಪವಾದವು ಗರಾಂಸಳ ಮೇಲೆ ಬರುವುದು. ಪೋಲೀಸಿನವನು ಸಾಕ್ಷಿಯುಂಟೇ ಎನ್ನಲು, ನಾಟಕಶಾಲೆಯ ಮುಂದಣ ಜಗಲಿಯ ಮೇಲೆ ಮುಖಕ್ಕೆ ಬಿಳಿ ಬಳಿದುಕೊಂಡು ಪೆದ್ದನಂತೆ ಕುಳಿತಿದ್ದ ಬಾಪ್ತಿಸ್ತನು ಎದ್ದು, ಒಂದು ಮಾತನ್ನೂ ಆಡದೆ, ನಡೆದುದೆಲ್ಲವನ್ನೂ ಅಭಿನಯಿಸಿ ತೋರಿಸುವನು. ಜನರು ನಗುವರು, ಗರಾಂಸಳು ಬಿಡುಗಡೆಯಾಗುವಳು. ಮನುಸ್ಮೃತಿಯಲ್ಲಿ ಸಾಕ್ಷ್ಯಕ್ಕೆ ಯೋಗ್ಯರಲ್ಲದವರ ಪಟ್ಟಿಯಿದೆ. ಅದರಲ್ಲಿ ಕುಶೀಲವನು, ಎಂದರೆ ನಟನು, ಸೇರಿರುವನು. ಧರ್ಮಶಾಸ್ತ್ರವು ಸಾಕ್ಷ್ಯಕ್ಕೆ ಅಪಾತ್ರನೆಂದು ತಳ್ಳಿದವನೇ ಇಲ್ಲಿ ಸತ್ಯವನ್ನು ಉಳಿಸುವನು. ಆ ಘಟ್ಟವನ್ನು ನೋಡುವಾಗ ನಾನು ಕುಳಿತಲ್ಲಿಂದ ಎದ್ದುಬಿಟ್ಟೆನೆಂದು ಹೇಳಲು ಸಂಕೋಚಪಡುವುದಿಲ್ಲ. ಇಡಿಯ ಚಿತ್ರದಲ್ಲಿ ದ್ವೇಷವನ್ನು ಬಿತ್ತುವ ಒಂದು ಚಿತ್ರಿಕೆಯೂ ಇಲ್ಲ. ಬಲವಂತರಿಗೆ ಬಾಗುವ ಒಂದು ಮಾತೂ ಇಲ್ಲ. ಪಾತ್ರೆಯ ಹೊರಮೈಯಲ್ಲಿ ಏನೇ ಇರಲಿ, ಒಳಗೆ ಕಿಲುಬು ಇಳಿದಿಲ್ಲ. ಆದುದರಿಂದ ನಾನು ಆ ರಸವನ್ನು ನಿಶ್ಶಂಕೆಯಿಂದ ಸವಿಯಬಹುದೆಂಬುದು ನನ್ನ ಮೊದಲನೆಯ ನಿರ್ಣಯವು.

ಆದರೆ ಇಲ್ಲಿಗೇ ನಿಲ್ಲಿಸಿದರೆ ಇನ್ನೊಂದು ತಪ್ಪಿಗೆ ಎಡೆಕೊಟ್ಟಂತಾಗುವುದು. ಚಿತ್ರವು ಶುದ್ಧವಾಗಿದೆ, ಆದುದರಿಂದ ನಟಿಯೂ ನಿರ್ದೋಷಿಯೆಂದು ಹೇಳುವವರು ಹಲವರುಂಟು. ಇದು ಹೇತ್ವಾಭಾಸ. ಗರಾಂಸಳ ಮೇಲೆ ಬಂದ ಗಡಿಯಾರದ ಅಪವಾದವು ಸುಳ್ಳು. ಅರ್ಲೆಟಿಯ ಮೇಲೆ ಬಂದ ಆರೋಪವು ಸುಳ್ಳಲ್ಲ. ಆಕೆಯನ್ನು ಇರಿಸಿದ್ದ ದ್ರಾಂಸಿ ಶಿಬಿರವನ್ನೇ ತೆಗೆದುಕೊಳ್ಳಿರಿ. ಯುದ್ಧಕಾಲದಲ್ಲಿ ಫ್ರಾನ್ಸಿನಿಂದ ಸುಮಾರು 76,000 ಮಂದಿ ಯೆಹೂದ್ಯರನ್ನು ಸಾಗಿಸಿದರು. ಅವರಲ್ಲಿ ಹೆಚ್ಚಿನವರು ಹೊರಟುದು ದ್ರಾಂಸಿಯಿಂದಲೇ, ತಲಪಿದುದು ಔಷ್‌ವಿಟ್ಸಿಗೆ. ಮರಳಿ ಬಂದವರು ಮೂರು ಸಾವಿರಕ್ಕಿಂತ ಹೆಚ್ಚಿಲ್ಲ. ಆ ರೈಲುಗಳು ಹೊರಡುತ್ತಿದ್ದಾಗ ಆ ಸೈನ್ಯದ ಅಧಿಕಾರಿಯ ಜೊತೆಯಲ್ಲಿ ಅದೇ ನಗರದಲ್ಲಿ ನಗುತ್ತ ಓಡಾಡುವುದು ಕೇವಲ ಸ್ವಂತ ವಿಷಯವೆನ್ನಲು ನನ್ನ ಮನಸ್ಸು ಒಪ್ಪದು. ಪ್ರೇಮಕ್ಕೆ ಗಡಿಯಿಲ್ಲವೆಂಬ ಮಾತು ಕೇಳಲು ಇಂಪು; ಆದರೆ ಪ್ರೇಮಕ್ಕೆ ಕಿವಿಯಾದರೂ ಇರಬೇಕು. ನೆರೆಮನೆಯ ಗೋಳು ಕೇಳಿಸದಷ್ಟು ಕಿವುಡಾದ ಸುಖವು ದೋಷವೇ ಸರಿ.

ದೋಷವೆಂದ ಮಾತ್ರಕ್ಕೆ ಅದರ ತೂಕವನ್ನು ನೋಡಬಾರದೆಂದಲ್ಲ. ಅಪರಾಧದ ಉದ್ದೇಶ, ದೇಶ, ಕಾಲ, ಅಪರಾಧಿಯ ಶಕ್ತಿ ಇವುಗಳನ್ನು ಅರಿತು ದಂಡವನ್ನು ವಿಧಿಸಬೇಕೆಂಬುದು ಮನುವಿನ ಮತವು. ಅನ್ಯಾಯವಾದ ದಂಡವು ದಂಡಿಸಿದವನ ಕೀರ್ತಿಯನ್ನೇ ಕೆಡಿಸುವುದೆಂದೂ ಅವನು ಎಚ್ಚರಿಸಿರುವನು. 1942ರಲ್ಲಿ ಫ್ರಾನ್ಸಿನ ಕೆಲವು ಹೆಸರಾಂತ ನಟನಟಿಯರು ಜರ್ಮನರ ಆಹ್ವಾನದ ಮೇಲೆ ಬರ್ಲಿನ್ ನಗರಕ್ಕೆ ಯಾತ್ರೆ ಹೋದರು; ಅರ್ಲೆಟಿಯು ಆ ತಂಡದಲ್ಲಿರಲಿಲ್ಲ. 1943ರಲ್ಲಿ ಯೆಹೂದ್ಯನಾದ ವೃದ್ಧ ನಾಟಕಕಾರ ತ್ರಿಸ್ತಾಂ ಬೆರ್ನಾರನನ್ನು ಹಿಡಿದು ದ್ರಾಂಸಿಯಲ್ಲಿಟ್ಟಾಗ, ಸಾಶಾ ಗಿತ್ರಿಯೊಡನೆ ಆಕೆಯೂ ನಡುವೆ ಬಿದ್ದು ಅವನನ್ನು ಬಿಡಿಸಿದಳು. ಶತ್ರುವಿನ ಸಖ್ಯವಿದ್ದುದರಿಂದಲೇ ಆಕೆಯ ಮಾತು ನಡೆಯಿತೆಂದು ವಾದಿಸಬಹುದು; ಹಾಗಾದರೂ ಮಾತನ್ನಾಡಿದುದು ಆಕೆಯ ಪಾಲಿನ ಪುಣ್ಯವೇ. ಇನ್ನು ತೂಗಬೇಕಾದುದು ಮತ್ತೊಂದುಂಟು. ಬಿಡುಗಡೆಯ ದಿನಗಳಲ್ಲಿ ಶತ್ರುಗಳೊಡನೆ ಸೇರಿದರೆಂದು ಸುಮಾರು 20,000 ಮಂದಿ ಹೆಂಗಸರ ತಲೆಯನ್ನು ಬೋಳಿಸಿ ಬೀದಿಯಲ್ಲಿ ಮೆರವಣಿಗೆ ಮಾಡಿದರು. ಆ ಗುಂಪಿನಲ್ಲಿ ಕೂಗಿದವರೆಲ್ಲರೂ ನಾಲ್ಕು ವರ್ಷಗಳ ಕಾಲ ಧೀರರಾಗಿಯೇ ಇದ್ದರೆಂದು ನಂಬುವುದು ಕಷ್ಟ. ತಮ್ಮ ಅಂಜಿಕೆಯ ನೆನಪನ್ನು ಇನ್ನೊಬ್ಬರ ಕೂದಲಿನೊಡನೆ ಕತ್ತರಿಸಿ ಎಸೆಯಬಹುದೆಂದು ಭಾವಿಸಿದವರೂ ಅಲ್ಲಿದ್ದಿರಬೇಕು. ಬೋಳುತಲೆಯನ್ನು ಹೆಣ್ಣಿಗೆ ಶಿಕ್ಷೆಯಾಗಿ ಕಂಡ ಸಮಾಜವು ಫ್ರಾನ್ಸೊಂದೇ ಅಲ್ಲವೆಂಬುದನ್ನು ನಮ್ಮ ಅಜ್ಜಿಯರ ಕಾಲವನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಇತ್ತ ಸೋರಿಂಗನ ಗತಿಯೇನಾಯಿತು? ಯುದ್ಧವು ಮುಗಿದ ಮೇಲೆ ಅವನು ಪಶ್ಚಿಮ ಜರ್ಮನಿಯ ವಿದೇಶಾಂಗ ಸೇವೆಯನ್ನು ಸೇರಿ, 1960ರಲ್ಲಿ ಕಾಂಗೋ ದೇಶದಲ್ಲಿ ರಾಯಭಾರಿಯಾಗಿದ್ದಾಗ ಅಲ್ಲಿಯ ನದಿಯಲ್ಲಿ ಮುಳುಗಿ ತೀರಿಕೊಂಡನು. ಒಂದೇ ಸಂಬಂಧ, ಅದರಲ್ಲಿ ಸಮವಸ್ತ್ರ ಧರಿಸಿದವನು ರಾಯಭಾರಿ, ವೇಷ ಧರಿಸಿದವಳು ಬಂದಿ. ತಕ್ಕಡಿಯು ಸಮವಾಗಿದ್ದಿತೆಂದು ಯಾರು ತಾನೆ ಹೇಳಬಲ್ಲರು?

ಆಕೆಯ ಉತ್ತರಜೀವನವನ್ನು ಸಂಕ್ಷೇಪವಾಗಿ ಹೇಳುವೆನು. 1949ರಲ್ಲಿ, ಕಳೆದುಹೋದ ಬಾಳನ್ನು ಮರೆಮಾಡಿಕೊಳ್ಳಲು ಹೆಣಗುವ ಹೆಂಗಸಿನ ಪಾತ್ರದಲ್ಲಿ, ಟೆನೆಸಿ ವಿಲಿಯಮ್ಸನ ನಾಟಕವೊಂದರ ಫ್ರೆಂಚ್ ರೂಪವನ್ನು ರಂಗದ ಮೇಲೆ ಆಡಿದಳು. 1954ರಲ್ಲಿ ಸಾರ್ತ್ರನ 'ವಿ ಕ್ಲೋ' ನಾಟಕವು ಚಲಚ್ಚಿತ್ರವಾದಾಗ, ನರಕದ ಒಂದೇ ಕೋಣೆಯಲ್ಲಿ ಒಬ್ಬರನ್ನೊಬ್ಬರು ವಿಚಾರಣೆ ಮಾಡುವ ಮೂವರಲ್ಲಿ ಒಬ್ಬಳಾದಳು. ಮೊದಲಿನ ವೈಭವವು ಮಾತ್ರ ಮರಳಲಿಲ್ಲ. 1960ರ ದಶಕದಲ್ಲಿ ಕಣ್ಣು ಕಾಣದಂತಾಯಿತು. 1971ರಲ್ಲಿ ಪ್ರಕಟವಾದ ಆಕೆಯ ಆತ್ಮಕಥನದ ಹೆಸರು 'ಲಾ ದೆಫಾಂಸ್'. ಹುಟ್ಟಿದೂರಿನ ಬಳಿಯ ಸ್ಥಳವೊಂದಕ್ಕೂ ಅದೇ ಹೆಸರು. ನ್ಯಾಯಾಲಯದಲ್ಲಿ ಆಪಾದಿತನು ಮಾಡುವ ಪ್ರತಿವಾದಕ್ಕೂ ಅದೇ ಹೆಸರು. 1992ರ ಜುಲೈ 23ರಂದು ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ಪ್ಯಾರಿಸಿನಲ್ಲಿ ಮೃತಳಾದಳು.

ಇಷ್ಟನ್ನೂ ಬರೆದ ಮೇಲೆ, ದೂರದ ದೇಶದ ಹೆಂಗಸೊಬ್ಬಳ ವಿಷಯದಲ್ಲಿ ಇಷ್ಟು ಚರ್ಚೆಯೇಕೆಂದು ವಾಚಕರು ಕೇಳಬಹುದು. ಮಗಳ ಪ್ರಶ್ನೆಯು ನನ್ನನ್ನು ಕಾಡಿದುದಕ್ಕೆ ನನ್ನದೇ ಆದ ಕಾರಣವೊಂದುಂಟು. ಮೂವತ್ತು ವರ್ಷಗಳ ಹಿಂದೆ ನಾನು ಕೆಲಸಮಾಡುತ್ತಿದ್ದ ಶಾಲೆಯೊಂದರಲ್ಲಿ ಸಹೋದ್ಯೋಗಿಯೊಬ್ಬರು ಮಕ್ಕಳಿಗಾಗಿ ಒಂದು ಪ್ರಾರ್ಥನೆಯನ್ನು ರಚಿಸಿ, ತಾವೇ ರಾಗಹಾಕಿ ಕಲಿಸಿದ್ದರು. ದಿನವೂ ಬೆಳಗ್ಗೆ ಮುನ್ನೂರು ಮಕ್ಕಳು ಅದನ್ನು ಹಾಡುವಾಗ ಬೀದಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು. ಕೆಲವು ವರ್ಷಗಳಾದ ಮೇಲೆ ಅವರು ಮಕ್ಕಳ ಪ್ರವಾಸದ ಹಣವನ್ನು ಸ್ವಂತಕ್ಕೆ ಬಳಸಿಕೊಂಡುದು ಬಯಲಾಯಿತು. ಅವರನ್ನು ಕೆಲಸದಿಂದ ತೆಗೆದರು, ಅದು ನ್ಯಾಯವೇ. ಆದರೆ ಅಷ್ಟಕ್ಕೆ ತೃಪ್ತರಾಗದೆ ನಾವು ಆ ಹಾಡನ್ನೂ ನಿಲ್ಲಿಸಿ, ಶಾಲೆಯ ಸಂಚಿಕೆಗಳಿಂದ ಅವರ ಹೆಸರನ್ನೂ ತೆಗೆಯಬೇಕೆಂದು ನಿರ್ಣಯ ಮಾಡಿದೆವು. ಆ ನಿರ್ಣಯವನ್ನು ಪುಸ್ತಕದಲ್ಲಿ ಬರೆದ ಅಕ್ಷರವು ನನ್ನದು. ಅಂದು ಧರ್ಮವನ್ನು ಕಾಪಾಡಿದೆನೆಂದೇ ತಿಳಿದಿದ್ದೆನು.

ನಾನು ನಿವೃತ್ತನಾದ ವರ್ಷ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ಅವನ ಹೆಗಲ ಮೇಲಿದ್ದ ಮಗುವು ಅಳಲು, ಅದನ್ನು ಸಮಾಧಾನಪಡಿಸಲು ಅವನು ಅದೇ ಪ್ರಾರ್ಥನೆಯನ್ನು ಮೆಲ್ಲಗೆ ಹಾಡಿದನು. ಯಾರ ಹಾಡಪ್ಪಾ ಅದು ಎಂದು ಕೇಳಿದೆನು. "ಗೊತ್ತಿಲ್ಲ ಮೇಷ್ಟ್ರೇ, ಯಾವುದೋ ಹಳೆಯ ಹಾಡಿರಬೇಕು" ಎಂದನು. ಆಗ ನನಗೆ ನಾವು ಮಾಡಿದ ಕೆಲಸವೇನೆಂಬುದು ಅರಿವಾಯಿತು. ಹಾಡನ್ನು ಅಳಿಸಲು ನಮ್ಮಿಂದಾಗಲಿಲ್ಲ. ಹೆಸರನ್ನು ಮಾತ್ರ ಅಳಿಸಿದೆವು. ಹೆಸರಿನೊಡನೆ ಅವರ ಗುಣವೂ ಹೋಯಿತು, ದೋಷವೂ ಹೋಯಿತು. ಹಣವನ್ನು ಮುಟ್ಟಬಾರದೆಂಬ ಪಾಠವನ್ನೂ ಆ ಮಕ್ಕಳು ಕಲಿಯಲಿಲ್ಲ. ಒಬ್ಬ ಮನುಷ್ಯನು ಒಳ್ಳೆಯ ಹಾಡನ್ನು ಕಟ್ಟಬಲ್ಲನು, ಕೆಟ್ಟ ಕೆಲಸವನ್ನೂ ಮಾಡಬಲ್ಲನೆಂಬ ಅದಕ್ಕಿಂತ ದೊಡ್ಡ ಪಾಠವನ್ನೂ ಕಲಿಯಲಿಲ್ಲ. ಆ ಸಹೋದ್ಯೋಗಿಯು ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು.

ಫ್ರಾನ್ಸಿನವರು ಈ ವಿಷಯದಲ್ಲಿ ನಮಗಿಂತ ಮೇಲಾಗಿ ನಡೆದುಕೊಂಡರೆಂದು ತೋರುತ್ತದೆ. ಅರ್ಲೆಟಿಯು ನಿರ್ಬಂಧದಲ್ಲಿದ್ದರೂ ತೆರೆಯ ಮೇಲೆ ಆಕೆಯ ಹೆಸರನ್ನು ಉಳಿಸಿದರು. ಅಡಗಿ ಕೆಲಸಮಾಡಿದ ತ್ರೌನೆರ್, ಕೋಸ್ಮಾ ಇವರ ಹೆಸರುಗಳನ್ನೂ, ಗುಪ್ತವಾಗಿ ಸಹಕರಿಸಿದವರೆಂದು ಹೇಳಿ, ಅದೇ ತೆರೆಯ ಮೇಲೆ ಕಾಣಿಸಿದರು. ಅವಳ ತಪ್ಪನ್ನೂ ಮರೆಯಲಿಲ್ಲ. ಅದು ಗ್ರಂಥಗಳಲ್ಲಿಯೂ ದಾಖಲೆಗಳಲ್ಲಿಯೂ ಉಳಿದಿರುವುದರಿಂದಲೇ ಇಂದು ನನ್ನ ಮಗಳಿಗೆ ತಿಳಿಯಿತು. ದೋಷದ ಕಾರಣದಿಂದ ಹೆಸರನ್ನು ಅಳಿಸುವುದು ಒಂದು ಸುಳ್ಳು. ಹೆಸರಿನ ಕಾರಣದಿಂದ ದೋಷವನ್ನು ಅಳಿಸುವುದು ಇನ್ನೊಂದು ಸುಳ್ಳು. ಎರಡನ್ನೂ ಅಕ್ಕಪಕ್ಕದಲ್ಲಿ ಬರೆದಿಡುವುದೇ ಧರ್ಮವೆಂಬುದು ನನ್ನ ಎರಡನೆಯ ನಿರ್ಣಯವು. ಪಾತ್ರವೆಂಬ ಮಾತಿನ ಮೂರು ಅರ್ಥಗಳನ್ನೂ ಹೀಗೆ ಬೇರೆ ಬೇರೆಯಾಗಿ ಇಡಬಹುದೆಂದು ತೋರುತ್ತದೆ. ಬಟ್ಟಲನ್ನು ಅದರೊಳಗಿನ ಪದಾರ್ಥದಿಂದ ಪರೀಕ್ಷಿಸಬೇಕು. ವೇಷವನ್ನು ಅಭಿನಯದಿಂದ ಅಳೆಯಬೇಕು. ಮನುಷ್ಯನನ್ನು ಅವನ ನಡತೆಯಿಂದ, ಅದೂ ದೇಶಕಾಲಗಳನ್ನು ಅರಿತು, ತೂಗಬೇಕು.

ಹಾಗೆ ತೂಗುವಾಗಲೂ ಒಂದು ಅಂಜಿಕೆಯು ನಮ್ಮಲ್ಲಿರುವುದು ಲೇಸು. ಸಂತೆಯ ಗುಡಾರದಲ್ಲಿ ಕಾಸುಕೊಟ್ಟು ನಗ್ನಸತ್ಯವನ್ನು ನೋಡಹೋದವರಿಗೆ ಕಂಡುದು ಹೆಗಲವರೆಗೆ ಮಾತ್ರ, ಉಳಿದುದು ನೀರಿನಲ್ಲಿದ್ದಿತು. ಇನ್ನೊಬ್ಬರ ಬಾಳಿನ ವಿಷಯದಲ್ಲಿ ನಮಗೆ ಕಾಣುವುದೂ ಅಷ್ಟೇ. ನನ್ನ ಮಗಳಿಗೆ ಇದನ್ನೆಲ್ಲ ಪತ್ರದಲ್ಲಿ ಬರೆದು, ಚಿತ್ರವು ಅಷ್ಟೇ ಚೆನ್ನಾಗಿ ತೋರುತ್ತದೆ, ಆದರೆ ಅಷ್ಟು ಸುಲಭವಾಗಿ ತೋರುವುದಿಲ್ಲವೆಂದು ಉತ್ತರವಿತ್ತಿದ್ದೇನೆ. ಜೊತೆಗೆ ಆ ಪ್ರಾರ್ಥನೆಯನ್ನು ನೆನಪಿನಿಂದ ಬರೆದು, ರಚಿಸಿದವರ ಹೆಸರನ್ನು ಕೆಳಗೆ ಕಾಣಿಸಿ, ಅದನ್ನು ನಾವು ಏಕೆ ನಿಲ್ಲಿಸಿದೆವೆಂಬುದನ್ನೂ, ನಿಲ್ಲಿಸಿದವರಲ್ಲಿ ನಾನೊಬ್ಬನೆಂಬುದನ್ನೂ ಬರೆದು ಕಳುಹಿಸಿರುವೆನು.